ಕೇಳಿದ್ದನ್ನು ಹೇಳದ ಒಂಬತ್ತು ವರ್ಷ

ನಾನು ಒಂದು ಮರದ ಕೊಳವೆ. ಗೇಣುದ್ದವಿದ್ದೇನೆ. ಒಂದು ತುದಿ ತುತ್ತೂರಿಯಂತೆ ಅಗಲ, ಇನ್ನೊಂದು ತುದಿ ಕಿವಿಗೆ ಒತ್ತಿಕೊಳ್ಳಲು ಚಪ್ಪಟೆ. ಬಸುರಿಯ ಹೊಟ್ಟೆಯ ಮೇಲೆ ನನ್ನನ್ನಿಟ್ಟು ಕಿವಿಗೊಟ್ಟರೆ ಒಳಗಿನ ಕೂಸಿನ ಎದೆಬಡಿತ ಕೇಳುತ್ತದೆ. ಗದಗ ಸೀಮೆಯ ಒಂದು ನೇಕಾರರ ಊರಿನಲ್ಲಿ ಬಡಿಗ ಸಾತಪ್ಪ ಬೀಟೆಯ ತುಂಡೊಂದರಿಂದ ನನ್ನನ್ನು ಕಡೆದ. ಮಾಡಿಸಿದವರು ಆ ಊರ ಆಸ್ಪತ್ರೆಯ ಹಿರಿಯ ನರ್ಸ್ ಲೀದಿಯಮ್ಮ. ಹನ್ನೆರಡು ವರ್ಷ ನನ್ನನ್ನು ದುಡಿಸಿ, ನಿವೃತ್ತರಾಗುವ ದಿನ ಹೊಸ ನರ್ಸ್ ಸುಗಂಧಮ್ಮನ ಕೈಗೆ ಕೊಟ್ಟು ಹೋದರು.

ಸುಗಂಧಮ್ಮನ ಕಿವಿ ಚುರುಕು, ಕೈ ಮೃದು. ಆದರೆ ಯಾರಾದರೂ ದನಿ ಏರಿಸಿದರೆ ಸಾಕು, ಅವಳ ಅಂಗೈ ಬೆವರುತ್ತಿತ್ತು. ಆ ಬೆವರು ಮೊದಲು ತಾಗುತ್ತಿದ್ದದ್ದು ನನಗೇ.

ಆಷಾಢದ ಒಂದು ಮಧ್ಯಾಹ್ನ ನಾಗವ್ವ ಎಂಬಾಕೆ ಚೊಚ್ಚಿಲ ಹೆರಿಗೆಗೆ ಬಂದಳು. ಸುಗಂಧಮ್ಮ ನನ್ನನ್ನು ಇಟ್ಟು ಕೇಳಿದಾಗ ಬಡಿತ ಓಡುವ ಕುದುರೆಯ ಹಾಗಿತ್ತು. ಗಂಟೆಯೊಂದು ಕಳೆಯುವಷ್ಟರಲ್ಲಿ ಅದು ಎಡವತೊಡಗಿತು. ಅವಳು ಊಟಕ್ಕೆ ಕೂತಿದ್ದ ಡಾಕ್ಟರ ಬಳಿಗೆ ಓಡಿದಳು.

"ಸಾಹೇಬ್ರ, ಕೂಸಿನ ಬಡಿತ ಕಡಿಮಿ ಆಗಾಕತ್ತೈತಿ. ಒಂದ್ಸಲ ಬಂದು ನೋಡ್ರಿ."

"ಈಗರ ನೋಡಿ ಬಂದೇನಿ. ಇಲ್ಲಿ ಡಾಕ್ಟರ್ ಯಾರು, ನೀನೋ ನಾನೋ?"

ಅವಳು ತಲೆ ತಗ್ಗಿಸಿ ಮರಳಿದಳು. ಮತ್ತೆ ಮೂರು ಸಲ ನನ್ನನ್ನಿಟ್ಟು ಕಿವಿಗೊಟ್ಟಳು. ಪ್ರತಿ ಸಲವೂ ಬಡಿತ ಇನ್ನಷ್ಟು ಕುಂದಿತ್ತು. ಮೂರು ಸಲವೂ ಡಾಕ್ಟರ ಕೋಣೆಯ ಬಾಗಿಲ ತನಕ ಹೋಗಿ ನಿಂತು, ಹಾಗೇ ಹಿಂದಿರುಗಿದಳು. ಸಂಜೆ ಹುಟ್ಟಿದ ಕೂಸು ಅಳಲಿಲ್ಲ.

ತಾಯಿ ಬರುವಾಗಲೇ ಕೂಸಿಗೆ ಜೀವ ಇರಲಿಲ್ಲ ಎಂದು ಡಾಕ್ಟರು ಆಸ್ಪತ್ರೆಯ ಹೆರಿಗೆ ಪುಸ್ತಕದಲ್ಲಿ ಬರೆದು, ಸುಗಂಧಮ್ಮನ ಕಡೆ ತಳ್ಳಿದರು. ಅವಳು ಸಹಿ ಮಾಡಿದಳು.

ಹೊರಗೆ ನಾಗವ್ವನ ಅತ್ತೆ ಎಲ್ಲರಿಗೂ ಕೇಳುವಂತೆ ಕೂಗಿದಳು: "ಹೊಟ್ಟ್ಯಾಗನ ಕೊಂದುಕೊಂಡು ಬಂದಾಳ ಪಾಪಿ!" ನನ್ನನ್ನು ಜೇಬಿನಲ್ಲಿಟ್ಟುಕೊಂಡ ಸುಗಂಧಮ್ಮ ಆ ಮಾತು ಕೇಳಿಯೂ ಪಕ್ಕದಿಂದಲೇ ನಡೆದು ಹೋದಳು. ತಿಂಗಳೊಳಗೆ ನಾಗವ್ವನನ್ನು ತವರಿಗೆ ಅಟ್ಟಿದರು. ವರ್ಷ ತುಂಬುವಷ್ಟರಲ್ಲಿ ಅವಳ ಗಂಡ ಇನ್ನೊಬ್ಬಳನ್ನು ಮದುವೆಯಾದ.

ಆಮೇಲೆ ಒಂಬತ್ತು ವರ್ಷ ಸುಗಂಧಮ್ಮ ಚರ್ಚಿಗೆ ತಪ್ಪದೆ ಹೋದಳು, ಆದರೆ ಪ್ರಭುಭೋಜನಕ್ಕೆ ಏಳಲಿಲ್ಲ. ಎಲ್ಲರೂ ರೊಟ್ಟಿ, ದ್ರಾಕ್ಷಾರಸ ತೆಗೆದುಕೊಳ್ಳಲು ಸಾಲಾಗಿ ಮುಂದೆ ಹೋದರೆ, ಅವಳು ಬೆಂಚಿನಲ್ಲೇ ಕೂತು ನಾನಿದ್ದ ಚೀಲವನ್ನು ಎದೆಗೆ ಒತ್ತಿಕೊಳ್ಳುತ್ತಿದ್ದಳು. ಕಡೆಗೆ ಹೊಸದಾಗಿ ಬಂದ ಸಭಾಪಾಲಕ ದೇವಪುತ್ರಯ್ಯನವರು ಒಂದು ದಿನ ಮನೆಗೇ ಬಂದು ಕಾರಣ ಕೇಳಿದರು. ಅವಳು ಅತ್ತು ಎಲ್ಲವನ್ನೂ ಹೇಳಿದಳು.

ಅಯ್ಯನವರು ಎಂದರು: "ಒಂಬತ್ತು ವರ್ಷ ದೇವರ ಮುಂದ ಅತ್ತೀಯವ್ವಾ. ನಾಗವ್ವನ ಮುಂದ ಯಾವಾಗ ಹೋಗ್ತಿ?"

"ಅಂಜಿಕಿ ಬರ್ತೈತ್ರೀ ಅಯ್ಯನವರ."

"ಅಂಜಿಕಿ ಹೋಗ್ಲಿ ಅಂತ ಕಾಯಬ್ಯಾಡ. ಅಂಜಿಕೊಂತನ ಹೋಗು. ಪ್ರಭು ಜೋಡಿ ಬರ್ತಾನ."

ಮರುದಿನ ಅವಳು ಮೊಣಕಾಲೂರಿ ಬೇಡಿಕೊಂಡಳು. ಕ್ಷಮೆ ಕೇಳಲಿಲ್ಲ, ನಡೆಯಲು ಕಾಲಿಗೆ ಶಕ್ತಿ ಕೇಳಿದಳು. ಆಮೇಲೆ ನನ್ನನ್ನು ಕೈಯಲ್ಲಿ ಹಿಡಿದು ಹೊರಟಳು. ಅಂಗೈ ಬೆವರುತ್ತಲೇ ಇತ್ತು, ಆದರೆ ಅವಳು ಎಲ್ಲೂ ನಿಲ್ಲಲಿಲ್ಲ.

ನಾಗವ್ವ ಅಣ್ಣನ ಮನೆಯಲ್ಲಿ ಮಗ್ಗದ ಮುಂದೆ ಕೂತಿದ್ದಳು. ಸುಗಂಧಮ್ಮ ನಿಂತಲ್ಲೇ ಹೇಳಿದಳು: "ನೀ ಬಂದಾಗ ನಿನ್ನ ಕೂಸು ಜೀವಂತ ಇತ್ತು. ನಾ ಕೇಳಿದ್ದೆ. ಡಾಕ್ಟರು ಬೈದ್ರು ಅಂತ ಸುಮ್ಮನಾದೆ. ಸುಳ್ಳಿಗೆ ಸಹಿ ಮಾಡಿದೆ. ನಿಂದೇನೂ ತಪ್ಪಿರಲಿಲ್ಲ."

ಮಗ್ಗದ ಸದ್ದು ನಿಂತಿತು. ನಾಗವ್ವ ಬೈಯಲಿಲ್ಲ, ಅಳಲಿಲ್ಲ.

"ಬಡಿತ ಹೆಂಗಿತ್ತು?" ಎಂದಳು.

ಸುಗಂಧಮ್ಮ ಮಗ್ಗದ ಮರದ ಮೇಲೆ ಬೆರಳಿನಿಂದ ತಟ್ಟಿ ತೋರಿಸಿದಳು. ಮೊದಲಿಗೆ ಬೇಗ ಬೇಗ, ಆಮೇಲೆ ನಿಧಾನ. ನಾಗವ್ವ ಅವಳ ಕೈ ಹಿಡಿದು ನಿಲ್ಲಿಸಿದಳು. "ಸಾಕು. ನಾನ ಕೊಂದೆ ಅಂತ ಇಷ್ಟ ವರ್ಷ ನಂಬಿದ್ದೆ. ನಿಮ್ಮ ದೇವರು ಕ್ಷಮಿಸಿದ್ರ ಕ್ಷಮಿಸಲಿ. ನನ್ನ ಕಡಿಂದ ಆಗೂದಿಲ್ಲ."

ಅಂದೇ ಸುಗಂಧಮ್ಮ ನಾಗವ್ವನ ಗಂಡನ ಮನೆಗೂ ಹೋಗಿ, ಓಣಿಯವರ ಎದುರಿಗೇ ಅದನ್ನು ಹೇಳಿದಳು. ಅತ್ತೆ ಸತ್ತು ಮೂರು ವರ್ಷವಾಗಿತ್ತು. ಗಂಡನ ಕಂಕುಳಲ್ಲಿ ಎರಡನೆಯ ಹೆಂಡತಿಯ ಮಗುವಿತ್ತು. "ಈಗ ಹೇಳಿದ್ರ ಏನ್ ಮಾಡಾಕ ಬರ್ತೈತ್ರೀ?" ಎಂದ. ಸುಗಂಧಮ್ಮ ನಡೆದದ್ದನ್ನೆಲ್ಲ ಆಸ್ಪತ್ರೆಗೂ ಬರೆದುಕೊಟ್ಟಳು. ಅಷ್ಟರಲ್ಲಿ ಆ ಡಾಕ್ಟರು ಊರು ಬಿಟ್ಟು ಎಷ್ಟೋ ಕಾಲವಾಗಿತ್ತು.

ಎರಡು ವರ್ಷದ ಮೇಲೆ ನಾಗವ್ವ ಅಣ್ಣನ ಹೆಂಡತಿಯನ್ನು ಹೆರಿಗೆಗೆ ಕರೆತಂದು, ಸುಗಂಧಮ್ಮನ ಮುಂದೆ ಮಲಗಿಸಿದಳು. "ಚಲೋತ್ನ್ಯಾಗ ಕೇಳ್ರಿ. ಕೇಳಿದ್ದನ್ನ ಹೇಳ್ರಿ," ಎಂದಳು. ಅಷ್ಟೇ.

ಅಂದೂ ಬಡಿತ ಎಡವಿತು. ಆಗಿದ್ದ ಡಾಕ್ಟರು ಕಾದು ನೋಡೋಣ ಎಂದರು. ಸುಗಂಧಮ್ಮ ಅವರ ಮೇಜಿನ ಮುಂದೆ ನಿಂತಳು. "ಕಾಯಾಕ ಹೊತ್ತಿಲ್ರಿ. ನೀವು ಏಳೂತನಕ ನಾ ಇಲ್ಲಿಂದ ಕದಲೂದಿಲ್ಲ." ಬೆವರಿದ ಅಂಗೈಯಲ್ಲಿ ನನ್ನನ್ನು ಹಿಡಿದು ನಿಂತೇ ಇದ್ದಳು. ಅವರು ಎದ್ದರು. ಹೊಟ್ಟೆ ಕೊಯ್ದು ತೆಗೆದ ಹೆಣ್ಣುಕೂಸು ಆಸ್ಪತ್ರೆಯ ಚಾವಣಿ ಹಾರಿಹೋಗುವಂತೆ ಅತ್ತಿತು. ನಾಗವ್ವ ಅದನ್ನು ಸುಗಂಧಮ್ಮನ ಕೈಗೆ ಕೊಡಲಿಲ್ಲ. ತಾನೇ ಎತ್ತಿಕೊಂಡು, ಹತ್ತಿರ ಬಂದು ಮುಖ ತೋರಿಸಿದಳು.

ಈಗ ಕೂಸಿನ ಬಡಿತ ಕೇಳಲು ಯಂತ್ರಗಳಿವೆ. ನಿವೃತ್ತಳಾದ ಸುಗಂಧಮ್ಮನ ಗೂಡಿನಲ್ಲಿ ಎಣ್ಣೆ ಬಾಟಲಿಯ ಪಕ್ಕ ನಾನಿದ್ದೇನೆ. ನನ್ನ ಅಂಚು ಸೀಳಿದೆ. ಚರ್ಚಿನವರು ಅವಳನ್ನು ಧೈರ್ಯದ ಹೆಣ್ಣುಮಗಳು ಎನ್ನುತ್ತಾರೆ. ಆ ಮಾತು ಬಂದಾಗಲೆಲ್ಲ ಅವಳು ಎದ್ದು ಒಳಗೆ ಹೋಗುತ್ತಾಳೆ. ನನ್ನೊಳಗಿಂದ ಸಾವಿರಾರು ಬಡಿತ ಹಾದುಹೋಗಿವೆ, ಅವೆಲ್ಲ ಬೆರೆತುಹೋಗಿವೆ. ಎಡವಿ ನಿಂತ ಆ ಒಂದು ಮಾತ್ರ ಬೇರೆಯಾಗಿಯೇ ಉಳಿದಿದೆ. ಅವಳಿಗೂ ಹಾಗೆಯೇ ಇರಬೇಕು. ಬೆಳಗಿನ ಪ್ರಾರ್ಥನೆಯ ಕೊನೆಗೆ ಅವಳು ದಿನಾ ಹೇಳುವುದು ಇಷ್ಟು: "ಬೇಡಿದ ದಿನಾನ ಧೈರ್ಯ ಕೊಟ್ಟಿ ಪ್ರಭುವೇ. ನಾನ ಕೇಳಾಕ ತಡಾ ಮಾಡಿದೆ."