ಓದಿನ ಪೀರಿಯಡ್ ಬದಲಾದದ್ದು

ಮುಖ್ಯ ಶಿಕ್ಷಕಿ ಈ ಪ್ರಾಥಮಿಕ ಶಾಲೆಗೆ ಬಂದು ಎರಡು ವರ್ಷವಾಗಿತ್ತು. ಬುಧವಾರದ ಸಭೆಯಲ್ಲಿ ಮಾತೆಲ್ಲ ಅವರದ್ದೇ. ಉಳಿದ ಆರು ಜನ ನೋಟ್‌ಬುಕ್ ತಿದ್ದುತ್ತ ಕೋಲೆಬಸವನಂತೆ ತಲೆಯಾಡಿಸುತ್ತಿದ್ದರು.

ಮಧ್ಯಾಹ್ನ ಊಟವಾದ ಮೇಲೆ ಓದಿನ ಪೀರಿಯಡ್ ಇಟ್ಟವರೂ ಅವರೇ. ವರ್ಷ ಕಳೆದರೂ ಮೂರನೇ ತರಗತಿಯ ಅರ್ಧ ಮಕ್ಕಳಿಗೆ ಒಂದು ಸಾಲು ಸರಾಗವಾಗಿ ಓದಲು ಬರಲಿಲ್ಲ. ಆ ತರಗತಿಯ ಶಿಕ್ಷಕಿಗೆ ಇಪ್ಪತ್ತಾರು ವರ್ಷದ ಅನುಭವ. ಶಾಲೆಗೆಲ್ಲ ಆಕೆ ‘ದೊಡ್ಡಕ್ಕ’. ಒಂದು ಸಂಜೆ ಮುಖ್ಯ ಶಿಕ್ಷಕಿ ಆಕೆಯ ತರಗತಿಗೇ ಹೋದರು.

“ಎಲ್ಲಿ ತಪ್ತಿದೆ ದೊಡ್ಡಕ್ಕ?”

ದೊಡ್ಡಕ್ಕ ಬೋರ್ಡ್ ಒರೆಸುತ್ತಲೇ ಹೇಳಿದರು: “ಊಟ ಮಾಡಿದ ಮಕ್ಕಳು ತೂಕಡಿಸ್ತವೆ. ಅಕ್ಷರ ಬರದೋನೂ ಕಥೆ ಓದೋನೂ ಒಂದೇ ಬೆಂಚಲ್ಲಿ. ಮೊದಲ್ನೇ ವಾರಾನೇ ಗೊತ್ತಿತ್ತು.”

“ಮತ್ತೆ ಯಾಕೆ ಹೇಳ್ಲಿಲ್ಲ?”

“ನೀವು ತೀರ್ಮಾನ ಮಾಡಿ ಆಮೇಲೆ ಕೇಳ್ತೀರಿ ಮೇಡಂ. ಮದುವೆ ಮುಗಿದ ಮೇಲೆ ಹುಡುಗಿ ಒಪ್ಪಿಗೇನಾ ಅಂದ್ರೆ ಏನು ಹೇಳೋದು?”

ಮುಖ್ಯ ಶಿಕ್ಷಕಿಗೆ ಮುಖಕ್ಕೆ ಹೊಡೆದಂತಾಯಿತು. ಎರಡು ದಿನ ಅದನ್ನೇ ಮೆಲುಕು ಹಾಕಿದರು. ಮುಂದಿನ ಸಭೆಯಲ್ಲಿ ವೇಳಾಪಟ್ಟಿಯನ್ನು ದೊಡ್ಡಕ್ಕನ ಮುಂದಿಟ್ಟು, “ಓದಿನ ಪೀರಿಯಡ್ ಇನ್ಮೇಲೆ ನಿಮ್ಮೆಲ್ಲರದ್ದು. ನೀವು ಹೇಳಿದ ಹಾಗೆ ನಡೀಲಿ. ನಂಗೂ ಒಂದಿಷ್ಟು ಮಕ್ಕಳನ್ನ ಕೊಡಿ,” ಎಂದು ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತರು.

ದೊಡ್ಡಕ್ಕ ಶುರುಮಾಡಿದ ಮೇಲೆ ಮಾತಿನ ಕಟ್ಟೆ ಒಡೆಯಿತು. ಬೆಳಗಿನ ಮೊದಲ ಪೀರಿಯಡ್ಡೇ ಓದಿಗೆ. ತರಗತಿ ಯಾವುದೇ ಇರಲಿ, ಓದುವ ಮಟ್ಟ ನೋಡಿ ಗುಂಪು.

“ಅದು ನನ್ನ ಆಟದ ಪೀರಿಯಡ್ಡು! ಮಕ್ಕಳನ್ನ ಸುಡುಬಿಸಿಲಲ್ಲಿ ಓಡಿಸ್ಲಾ?” ಆಟದ ಮೇಷ್ಟ್ರು ರೇಗಿದರು. ಅರ್ಧ ಗಂಟೆ ಜಗ್ಗಾಡಿ, ಆಟವನ್ನು ಸಂಜೆಗೆ ಹಾಕಿದರು.

ಮೊದಲ ಸೋಮವಾರ ಎಲ್ಲ ಅಯೋಮಯ. ಮಕ್ಕಳು ಚೀಲ ಹೊತ್ತು ಸಿಕ್ಕಿದ ಕೋಣೆಗೆ ನುಗ್ಗಿದರು. ಎರಡನೇ ತರಗತಿಯ ಒಬ್ಬಳು ಮೆಟ್ಟಿಲ ಮೇಲೆ ಕೂತು ಅತ್ತಳು. ಮುಖ್ಯ ಶಿಕ್ಷಕಿ ಓಡಿ ಬಂದರು. “ಬೇಡ, ಹಳೇ ಪಟ್ಟೀನೇ…”

“ಒಂದು ವಾರ ತಡ್ಕೊಳ್ಳಿ ಮೇಡಂ,” ದೊಡ್ಡಕ್ಕ ಅಡ್ಡ ನಿಂತರು.

ಮುಖ್ಯ ಶಿಕ್ಷಕಿ ಅಳುತ್ತಿದ್ದವಳ ಕೈ ಹಿಡಿದು ಅವಳ ಗುಂಪಿಗೆ ಕರೆದೊಯ್ದರು. ಮರುದಿನ ಆಟದ ಮೇಷ್ಟ್ರೇ ಕಾರಿಡಾರಿನ ನೆಲದ ಮೇಲೆ ಸೀಮೆಸುಣ್ಣದಿಂದ ಗುಂಪಿಗೊಂದು ಬಣ್ಣದ ಗೆರೆ ಎಳೆದರು. ಶುಕ್ರವಾರದ ಹೊತ್ತಿಗೆ ಮಕ್ಕಳು ಇರುವೆ ಸಾಲಿನಂತೆ ತಂತಮ್ಮ ಕೋಣೆ ಸೇರುತ್ತಿದ್ದರು.

ಮುಖ್ಯ ಶಿಕ್ಷಕಿಯ ಪಾಲಿಗೆ ಬಂದದ್ದು ಅಕ್ಷರ ಬರದ ಒಂಬತ್ತು ಮಕ್ಕಳು. ವರ್ಷದ ಕೊನೆಗೆ ಏಳು ಜನ ಸಣ್ಣ ಕಥೆ ಓದಿದರು. ಇಬ್ಬರು ಮಾತ್ರ ಒತ್ತಕ್ಷರ ಕಂಡಲ್ಲೆಲ್ಲ ಎಡವಿದರು. ಅದನ್ನು ಮುಖ್ಯ ಶಿಕ್ಷಕಿ ಸಂಕೋಚದಿಂದಲೇ ಸಭೆಯಲ್ಲಿ ಎಲ್ಲರ ಮುಂದೆ ಹೇಳಿದರು.

“ಆ ಇಬ್ರನ್ನ ನಂಗೆ ಬಿಡಿ,” ಎಂದರು ಆಟದ ಮೇಷ್ಟ್ರು. “ಕೂತು ಕಲಿಯೋ ಜಾತಿ ಅಲ್ಲ ಅವು. ನೆಲದ ಚೌಕಗಳಲ್ಲಿ ಒತ್ತಕ್ಷರ ಬರೆದು, ಕುಂಟಾಟ ಆಡಿಸ್ತಾನೇ ಕಲಿಸ್ತೀನಿ.”