ಎಡಗೈಗೆ ಬರೆದ ಹಾಡು

ಪಾಲಹಳ್ಳಿಯ ಪುಟ್ಟಗೌರಮ್ಮನವರ ಪಡಸಾಲೆಯಲ್ಲಿ ಪಿಯಾನೋದ ಮುಂದಿನ ಹಲಗೆ ಬಿಚ್ಚಿ ಒಳಗೆ ನೋಡಿದೆ. ಇನ್ನೂರಕ್ಕೂ ಮೇಲೆ ತಂತಿ. ನನಗೆ ಗೊತ್ತಿದ್ದದ್ದು ಹಾರ್ಮೋನಿಯಂ ಒಂದೇ.

ಶ್ರೀರಂಗಪಟ್ಟಣದಲ್ಲಿ ನಮ್ಮ ಚಾಚಾ ಶಹಾಬುದ್ದೀನರದು ಹಾರ್ಮೋನಿಯಂ ರಿಪೇರಿ ಅಂಗಡಿ. ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ, ಎಲ್ಲಿ ಪೌರಾಣಿಕ ನಾಟಕ ಆಡಲಿ, ಮೇಷ್ಟ್ರ ಹಾರ್ಮೋನಿಯಂ ಪೆಟ್ಟಿಗೆ ನಮ್ಮಲ್ಲಿಗೆ ಬಂದೇ ಹೋಗಬೇಕು. ಪಿಯಾನೋ ಶ್ರುತಿ ಮಾಡಲು ಬರುತ್ತಾ ಎಂದು ಪುಟ್ಟಗೌರಮ್ಮ ಫೋನಿನಲ್ಲಿ ಕೇಳಿದಾಗ ಚಾಚಾ ಯೋಚನೆಯನ್ನೇ ಮಾಡದೆ ಬರುತ್ತೆ ಅಂದುಬಿಟ್ಟಿದ್ದರು. ಕಳಿಸಿದ್ದು ಮಾತ್ರ ನನ್ನನ್ನು.

ಪುಟ್ಟಗೌರಮ್ಮನವರ ಮಗ ಹೊನ್ನಪ್ಪಣ್ಣ ಡೈರಿಗೆ ಹಾಲು ಹಾಕಿ ಬಂದು, ಖಾಲಿ ಕ್ಯಾನು ಹಿಡಿದುಕೊಂಡೇ ಒಳಗೆ ಇಣುಕಿದರು.

"ಏನ್ ಸಾದಿಕ್ಕು, ಈ ತಂತಿ ಎಲ್ಲ ಬಿಚ್ಚುದ್ರೆ ನಮ್ ತೋಟುಕ್ಕೆ ಬೇಲಿನೇ ಕಟ್ಬೋದು ಕಣ್ಲಾ."

"ಅವನ್ ಮಾತ್ ಕಟ್ಕೊಂಡು ಏನೂ ಬಿಚ್ಬ್ಯಾಡ ಕಣಪ್ಪ," ಅಂದರು ಪುಟ್ಟಗೌರಮ್ಮ, ಕುರ್ಚಿಯಲ್ಲಿ ಕೂತಲ್ಲಿಂದಲೇ.

ಮೈಸೂರಿನ ಒಂದು ಸ್ಕೂಲಿನಲ್ಲಿ ಮೂವತ್ತೆರಡು ವರ್ಷ ಸಂಗೀತದ ಟೀಚರಾಗಿದ್ದವರು ಅವರು. ಸ್ಕೂಲಿಗೆ ಕರೆಂಟಿನ ಕೀಬೋರ್ಡು ಬಂದಾಗ ಹಳೆಯ ಪಿಯಾನೋವನ್ನು ಇವರಿಗೇ ಕೊಟ್ಟರಂತೆ. ಹೊನ್ನಪ್ಪಣ್ಣ ಅದನ್ನು ಹುಲ್ಲಿನ ಮೇಲೆ ಮಲಗಿಸಿ ಟ್ರಾಕ್ಟರಿನಲ್ಲಿ ತಂದಿದ್ದರು. ಹೋದ ವರ್ಷ ಪುಟ್ಟಗೌರಮ್ಮನವರಿಗೆ ಲಕ್ವ ಹೊಡೆದು ಬಲಗೈ, ಬಲಗಾಲು ಸ್ವಾಧೀನ ತಪ್ಪಿದ್ದವು. ಅಲ್ಲಿಂದ ಪಿಯಾನೋದ ಮುಚ್ಚಳ ತೆಗೆದಿರಲಿಲ್ಲ.

ಈಗ ಯಾಕೆ ತೆಗೆಸಿದಿರಿ ಎಂದು ಕೇಳಿದೆ. ಎಡಗೈಯಿಂದಲೇ ಒಂದು ಹಳೇ ಸಂಗೀತದ ಪುಸ್ತಕವನ್ನು ತೊಡೆಯ ಮೇಲೆ ಎಳೆದುಕೊಂಡರು. ಥಾರ್ನ್‌ಬಿ ಅಂತ ಒಬ್ಬ ಇಂಗ್ಲೆಂಡಿನವನು ಪಿಯಾನೋಗೆ ಬರೆದದ್ದು, ಬೇರೆ ವಾದ್ಯದಿಂದ ಪಿಯಾನೋಗೆ ಹೊಂದಿಸಿದ್ದು, ಎಲ್ಲ ಅದರಲ್ಲಿತ್ತು.

"ಇವನ ಸ್ನೇಹಿತ ಒಬ್ಬ ಯುದ್ಧದಲ್ಲಿ ಬಲಗೈ ಕಳ್ಕೊಂಡ. ಪಿಯಾನೋ ನುಡಿಸೋನು. ಇವನು ತಾನು ಪಿಟೀಲಿಗೆ ಬರ್ದಿದ್ದ ಹಾಡನ್ನೇ ಎಡಗೈ ಒಂದಕ್ಕೇ ಹೊಂದಿಸಿ ಬರ್ದು ಕೊಟ್ಟ. ಮೂವತ್ತೆರಡು ವರ್ಷ ಈ ಪುಟ ತಿರುವಿ ಹಾಕ್ತಿದ್ದೆ, ನಂಗ್ಯಾಕೆ ಇದು ಅಂತ. ಈಗ ನೋಡು."

ಮೂರು ದಿನ ಕೂತೆ. ಚಾಚಾ ಕಲಿಸಿದ್ದ ಹಾಗೆಯೇ ಮಾಡಿದೆ. ಮೊದಲು ಒಂದು 'ಸ' ನಿಲ್ಲಿಸಬೇಕು. ಆಮೇಲೆ ಉಳಿದ ಒಂದೊಂದು ಸ್ವರವನ್ನೂ ಆ 'ಸ'ಕ್ಕೆ ಕೂಡಿಸಿ, ಎರಡೂ ಒಂದರೊಳಗೊಂದು ಕರಗುವವರೆಗೆ ಹೊಂದಿಸಬೇಕು. ಪಿಯಾನೋದ ಬೆಂಚಿನೊಳಗೆ ಸಿಕ್ಕ, ತಂತಿ ಬಿಗಿಯುವ ಚಾವಿ ತಿರುವಿ ತಿರುವಿ ಅಂಗೈಯಲ್ಲಿ ಬೊಕ್ಕೆ ಬಂತು. ಕೊನೆಗೆ ಸ, ಗ, ಪ ಮೂರನ್ನೂ ಒಟ್ಟಿಗೆ ಒತ್ತಿದೆ. ಜೇನು ಸುರಿದ ಹಾಗಿತ್ತು. ಪುಟ್ಟಗೌರಮ್ಮ ಕಣ್ಣು ಮುಚ್ಚಿಕೊಂಡು, "ಅಬ್ಬಾ!" ಅಂದರು.

ಆಮೇಲೆ ನುಡಿಸಲು ಕೂತರು.

ಒಂದೇ ಕೈ. ಕೆಳಗಿನ ಸ್ವರದ ಮನೆಗಳಲ್ಲಿ ಆಧಾರ ಕೊಟ್ಟು ಮೇಲಕ್ಕೆ ಓಡಿ ಹಾಡು ಹಿಡಿಯುತ್ತಿತ್ತು. ಬೆನ್ನು ತಿರುಗಿಸಿ ಕೇಳಿದ್ದರೆ ಇಬ್ಬರು ನುಡಿಸುತ್ತಿದ್ದಾರೆ ಎನ್ನಬೇಕಿತ್ತು. ಕ್ಯಾನು ತೊಳೆಯುತ್ತಿದ್ದ ಹೊನ್ನಪ್ಪಣ್ಣ ನಲ್ಲಿ ನಿಲ್ಲಿಸಿ ಬಾಗಿಲಿಗೆ ಬಂದರು. ಎರಡನೇ ಪುಟಕ್ಕೆ ಬರುವ ಹೊತ್ತಿಗೆ ಹಾಡು ತನ್ನ 'ಸ'ವನ್ನೇ ಬಿಟ್ಟು ಎದ್ದು ಹೋಗಿ 'ಗ'ದ ಮೇಲೆ ಕೂತಿತು. ಅಲ್ಲಿ ಕೆಟ್ಟಿತು. ಒಡೆದ ಹಾಲಿನ ಹಾಗೆ.

ಪುಟ್ಟಗೌರಮ್ಮ ನಿಲ್ಲಿಸಿದರು. ಮತ್ತೆ ನುಡಿಸಿದರು. ಅದೇ ಜಾಗ, ಅದೇ ಹುಳಿ. ಮೂರನೇ ಸಲ ಬೆರಳು ಅಲ್ಲಿಗೆ ಹೋಗುವ ಮೊದಲೇ ಕೈ ತೆಗೆದರು. ಮುಚ್ಚಳ ಹಾಕಿದರು.

"ಕೈ ಹೋದಂಗೆ ಕಿವಿನೂ ಹೋಯ್ತು ಕಣಪ್ಪ," ಅಂದರು. "ಮೊದ್ಲಿನಿಂದ ಅನುಮಾನ ಇತ್ತು. ಡಾಕ್ಟ್ರು ಹೇಳಿದ್ರು, ತಲೆಯೊಳಗೆ ಏನೇನು ಹೋಗಿದ್ಯೋ ನಿಧಾನಕ್ಕೆ ಗೊತ್ತಾಗುತ್ತೆ ಅಂತ. ನೀನು ಚೆನ್ನಾಗೇ ಮಾಡಿದೀಯ. ಹೊನ್ನ, ಆ ಹುಡುಗಂಗೆ ಬೆಲ್ಲ ಕಟ್ಕೊಡ್ಲಾ."

ನನ್ನ ಕಿವಿಗೂ ಅದು ಕೆಟ್ಟೇ ಕೇಳಿತ್ತು. ಹೇಳಲಿಲ್ಲ. ಬೆಲ್ಲದ ಅಚ್ಚು ಇಸಿದುಕೊಂಡು ಸ್ಕೂಟರ್ ಹತ್ತಿದೆ.

ಯಾಕೆ ಹೇಳಲಿಲ್ಲ ಅಂದರೆ, ಒಂಬತ್ತನೇ ಕ್ಲಾಸಿನಲ್ಲಿ ಲ್ಯಾಬಿನ ಗಾಜು ಒಡೆದಾಗ ನಾನಾಗಿಯೇ ಎದ್ದು ನಿಂತು ಹೇಳಿದ್ದೆ. ಹೇಳಿದ್ದಕ್ಕೆ ಇಡೀ ಸ್ಕೂಲಿನೆದುರು ಮಂಡಿಯೂರಿಸಿದರು. ನನ್ನ ಜೊತೆ ಸೇರಿ ಒಡೆದ ಇಬ್ಬರು ಸಾಲಿನಲ್ಲಿ ನಿಂತು ಕಿಸಿಕಿಸಿ ನಗುತ್ತಿದ್ದರು. ಅವತ್ತು ಬ್ಯಾಗು ಹೆಗಲಿಗೇರಿಸಿ ಗೇಟು ದಾಟಿದವನು ಮತ್ತೆ ಆ ಕಡೆ ತಲೆ ಹಾಕಿಲ್ಲ. ಒಪ್ಪಿಕೊಂಡವನೇ ಪೆದ್ದ. ಸ್ಕೂಲಿನಿಂದ ನಾನು ಹೊತ್ತು ತಂದ ಪಾಠ ಅದೊಂದೇ.

ಅಂಗಡಿಗೆ ಬಂದವನೇ ಚಾಚಾನನ್ನು ಕೇಳಿದೆ. "ಹಾಡು ಮಧ್ಯದಲ್ಲಿ 'ಸ' ಬದ್ಲಾದ್ರೆ?"

"ಯಾಕ್ಲಾ ಬದ್ಲಾಯ್ತದೆ? ನಮ್ ರಾಜಪಾರ್ಟಿನವ್ರು ರಂಗದ ಮ್ಯಾಲೆ ಸಾಯೋಗಂಟ ಒಂದೇ ಶ್ರುತೀಲಿ ಹಾಡ್ತಾರೆ. ಸತ್ ಮ್ಯಾಲೆ ಎದ್ದು ಇನ್ನೊಂದ್ ಹಾಡಿದ್ರೂ ಅದೇ ಶ್ರುತಿ!"

"ಇದು ಬದ್ಲಾಯ್ತದೆ ಚಾಚಾ."

ಫೋನಿನಲ್ಲಿ ಶ್ರುತಿ ತೋರಿಸುವ ಆ್ಯಪ್ ಇತ್ತು. ಚಾಚಾಗೆ ಅದನ್ನು ಕಂಡರೆ ಆಗದು. ಅವರೇ ಕೂಡಿಸಿಟ್ಟಿದ್ದ ಪೆಟ್ಟಿಗೆಯ ಮುಂದೆ ಅದನ್ನು ಹಿಡಿದೆ. 'ಗ' ಆ್ಯಪ್ ಹೇಳುವುದಕ್ಕಿಂತ ಕೆಳಗಿತ್ತು. 'ದ' ಕೆಳಗಿತ್ತು. ಎಲ್ಲವೂ ಒಂದೇ 'ಸ'ದ ಕಡೆ ಮುಖ ಮಾಡಿ ಕೂತಿದ್ದವು. 'ಗ'ವನ್ನೇ 'ಸ' ಮಾಡಿಕೊಂಡು ನುಡಿಸಿದೆ. ಅದೇ ಒಡೆದ ಹಾಲು.

"ಚಾಚಾ, ಆಯಮ್ಮನ ಕಿವಿ ಸರಿಯಾಗೇ ಐತೆ. ನಾವೇ ಕೆಡಿಸಿರೋದು."

ಚಾಚಾ ಬೀಡಿ ಹಚ್ಚಿದರು. "ಹೇಳಕ್ ಹೋಗ್ಬೇಡ ಬೇಟಾ. ಅಂಗ್ಡಿ ಹೆಸ್ರು ಕೆಡ್ತದೆ. ವಯಸ್ಸಾಗೈತೆ, ಅವ್ರೇ ಸುಮ್ಕಾಯ್ತಾರೆ."

"ಸುಮ್ಕಾಗ್ಬುಟ್ಟವ್ರೆ! ಅದೇ ನಾನೇಳ್ತಿರೋದು!" ಕಿರುಚಿದ ರಭಸಕ್ಕೆ ಎದುರಿನ ಟೈಲರ್ ಮಿಷನ್ ನಿಲ್ಲಿಸಿ ನೋಡಿದ. ಅಷ್ಟು ಕೋಪ ಯಾರ ಮೇಲೆ ಬಂತೆಂದು ನನಗೇ ತಿಳಿಯಲಿಲ್ಲ. ಚಾಚಾನ ಮೇಲಂತೂ ಅಲ್ಲ.

ಮಾರನೇ ಬೆಳಿಗ್ಗೆ ಹೋದಾಗ ಪುಟ್ಟಗೌರಮ್ಮ ಜಗುಲಿಯಲ್ಲಿ ಅವರೆಕಾಯಿ ಮುಂದಿಟ್ಟುಕೊಂಡು, ಒಂದೇ ಕೈಯಲ್ಲಿ ಸುಲಿಯಲಾಗದೆ ಸುಲಿಯುತ್ತಿದ್ದರು. ಬಾಗಿಲಾಚೆ ಪಿಯಾನೋದ ಮೇಲೆ ಆಗಲೇ ಬೆಡ್‌ಶೀಟು ಹೊದಿಸಿ, ಅದರ ಮೇಲೆ ಒಗೆದ ಬಟ್ಟೆ ಮಡಿಸಿಟ್ಟಿದ್ದರು. ಸ್ಕೂಲಿನೆದುರು ಮಂಡಿಯೂರಿದ್ದು ನೆನಪಾಗಿ ಕಂಬ ಹಿಡಿದುಕೊಂಡೆ.

"ಅಮ್ಮ, ತಪ್ಪು ನಂದು. ನಾಟಕದ ಪೆಟ್ಗೆಗೆ ಮಾಡೋ ಶ್ರುತಿನ ಇದುಕ್ ಮಾಡ್ಬುಟ್ಟಿದೀನಿ. 'ಸ' ಬದ್ಲಾದ್ರೆ ಕೆಡ್ತದೆ. ನಂಗೂ ಕೇಳುಸ್ತು. ನಿನ್ನೇನೇ ಕೇಳುಸ್ತು. ಹೇಳ್ನಿಲ್ಲ."

ಅವರ ಕೈಯಿಂದ ಅವರೆಕಾಯಿ ಜಾರಿತು. ಬೈಗುಳಕ್ಕೆ ಕಾದು ನಿಂತೆ.

"ಇನ್ನೊಂದ್ಸಲ ಹೇಳು."

"ತಪ್ಪು ನಂದು ಅಮ್ಮ."

"ಅದಲ್ಲ ಕಣೋ! ನಿಂಗೂ ಕೆಟ್ಟೇ ಕೇಳುಸ್ತಾ?"

"ಒಡ್ದ್ ಹಾಲ್ನಂಗೆ."

ಪುಟ್ಟಗೌರಮ್ಮ ನಕ್ಕರು. ನಗುತ್ತಾ ನಗುತ್ತಾ ಕಣ್ಣಲ್ಲಿ ನೀರು ಬಂತು. ಒರೆಸಿಕೊಳ್ಳುವಾಗ ಎಡಗೈಯ ಅವರೆ ಸೊಗಡು ಕಣ್ಣಿಗೆ ತಾಗಿ ಇನ್ನಷ್ಟು ನೀರು ಬಂತು. "ಹೊನ್ನ! ಲೇ ಹೊನ್ನ! ನನ್ ಕಿವಿ ಐತಂತೆ ಕಣ್ಲಾ!"

ಕೊಟ್ಟಿಗೆಯಿಂದ ಹೊನ್ನಪ್ಪಣ್ಣ ಕೂಗಿದರು. "ಗೊತ್ತವ್ವ! ನಾನ್ ಮೆಲ್ಲುಕೆ ಬೈಕೊಂಡ್ರೂ ನಿಂಗೆ ಕೇಳುಸ್ತದಲ್ಲ!"

ಮತ್ತೆ ನಾಲ್ಕು ದಿನ ಕೂತೆ. ಈ ಸಲ ಅವರು ಪಕ್ಕದಲ್ಲೇ ಕುರ್ಚಿ ಹಾಕಿಸಿಕೊಂಡರು. "ಯಾವ ಸ್ವರಾನೂ ಪೂರ್ತಿ ಗೆಲ್ಲೋ ಹಾಗಿಲ್ಲ ಕಣಪ್ಪ. ಒಂದೊಂದೂ ಕೂದ್ಲೆಳೆಯಷ್ಟು ಬಿಟ್ಕೊಡ್ಬೇಕು. ಆಗ ಹಾಡು ಎಲ್ಲಿಗೆ ಬೇಕಾದ್ರೂ ಹೋಗ್ಬೋದು," ಅಂದರು. ಆ್ಯಪಿನ ಮುಳ್ಳು ಅಲುಗುವ ಮೊದಲೇ "ಮೇಲಾಯ್ತು", "ಇನ್ನೊಂಚೂರು ಇಳಿಸು" ಅನ್ನುತ್ತಿದ್ದರು. ಒಂದು ಸಲವೂ ತಪ್ಪಲಿಲ್ಲ. ಎರಡನೇ ದಿನ ನಾನು ಫೋನು ಜೇಬಿಗೆ ಹಾಕಿಕೊಂಡೆ.

ಭಾನುವಾರ ಹಾಲು ಕರೆದಾದ ಮೇಲೆ ನುಡಿಸಲು ಕೂತರು. ಒಂದು ತೊಡಕಿತ್ತು. ಸ್ವರ ಎಳೆದು ನಿಲ್ಲಿಸುವ ಪೆಡಲನ್ನು ಬಲಗಾಲಲ್ಲಿ ಒತ್ತಬೇಕು, ಆ ಕಾಲಿಗೆ ಬಲವಿಲ್ಲ. ಮೊದಲ ಸಲ ಅದಿಲ್ಲದೆಯೇ ನುಡಿಸಿದ್ದರು.

"ನೀನು ಒತ್ತು. ನಾನು ತಲೆ ಆಡ್ಸಿದಾಗ ಒತ್ತು, ಮತ್ತೆ ಆಡ್ಸಿದಾಗ ಬಿಡು."

ಚಪ್ಪಲಿ ಬಿಟ್ಟು ಬೆಂಚಿನ ತುದಿಯಲ್ಲಿ ಕೂತು ಹಿತ್ತಾಳೆಯ ಪೆಡಲ್ ಮೇಲೆ ಬಲಗಾಲಿಟ್ಟೆ. ತಣ್ಣಗಿತ್ತು. ಹಾಡು ಶುರುವಾಯಿತು, ಮೊದಲ ಪುಟ ಮುಗಿಯಿತು, ನಾನೇ ಪುಟ ತಿರುವಿದೆ. ಹಾಡು ಜಾಗ ಬಿಟ್ಟೆದ್ದು 'ಗ'ಕ್ಕೆ ಹೋಗಿ ಕೂತಿತು. ಕೆಡಲಿಲ್ಲ. ಅವರ ಬೆರಳು ಅಲ್ಲೇ ಒಂದು ಕ್ಷಣ ನಿಂತು, ಖಾತ್ರಿ ಮಾಡಿಕೊಂಡು, ಮುಂದಕ್ಕೆ ನಡೆಯಿತು.

ಎಂದೋ ಸತ್ತ ಆ ಥಾರ್ನ್‌ಬಿಗೆ, ಕೈ ಹೋದ ಅವನ ಸ್ನೇಹಿತನಿಗೆ, ತಪ್ಪೊಪ್ಪಿಕೊಂಡವನ ಎದುರು ನಕ್ಕ ಈ ತಾಯಿಗೆ ಮನಸ್ಸಿನಲ್ಲೇ ಶುಕ್ರಿಯಾ ಹೇಳುತ್ತಾ ಕೂತಿದ್ದೆ. ಆ ಗುಂಗಿನಲ್ಲಿ ಕಾಲು ಮರೆತೆ. ಸ್ವರಗಳೆಲ್ಲ ಒಂದರ ಮೇಲೊಂದು ಬಿದ್ದು ಪಡಸಾಲೆ ತುಂಬ ಗುಂಯ್‌ಗುಟ್ಟಿತು.

"ಕಾಲೆತ್ತೋ ದಡ್ಡ ಮುಂಡೇದೇ! ಕಾಲೆತ್ತು!" ಅಂದರು ಪುಟ್ಟಗೌರಮ್ಮ, ಕೈ ನಿಲ್ಲಿಸದೆ.

ಎತ್ತಿದೆ. ಯಾರಾದರೂ ಬೈದರೆ ನನಗೆ ಸಿಟ್ಟು ನೆತ್ತಿಗೇರುತ್ತದೆ. ಆ ದಿನ ಮಾತ್ರ, ಅವರು ಇನ್ನೊಮ್ಮೆ ತಲೆ ಆಡಿಸುವುದನ್ನೇ ಕಾಯುತ್ತಾ, ಕಾಲನ್ನು ಪೆಡಲಿಗೆ ತಾಗಿಯೂ ತಾಗದಂತೆ ಹಿಡಿದು ಕೂತೆ.