ಹಗೇವಿನ ಬಾಯಿ

ಮಧ್ಯಾಹ್ನದೊಳಗೆ ಊರು ಖಾಲಿಯಾಗಬೇಕಿತ್ತು. ಬರ್ಮಾದಲ್ಲಿ ಯುದ್ಧವಂತೆ, ದೇವನಹಳ್ಳಿ ಸೀಮೆಯ ಈ ಹೊಲಗಳಲ್ಲಿ ಮಿಲಿಟರಿಯವರು ಡೇರೆ ಹಾಕಬೇಕಂತೆ. ಯಾರ ಜಗಳವೋ ಏನೋ, ಮನೆ ಬಿಡಬೇಕಾದವರು ಕದಿರಮ್ಮನಂಥವರು. ಮಡಕೆ, ಒನಕೆ, ಕೋಳಿ ಎಲ್ಲ ಗಾಡಿಗೇರಿದ್ದವು. ನಲ್ಲೂರಿನ ಹುಣಸೆ ತೋಪಿನಲ್ಲಿ ಬಿಡಾರ ಅಂದಿದ್ದರು. ಯಾರಿಗೆ ಜಾಗ ಅನ್ನುವುದು ಪಟೇಲ ಹನುಮಂತರಾಯಪ್ಪನ ಕೈಯಲ್ಲಿತ್ತು.

ರಾಗಿ ಮಾತ್ರ ಇನ್ನೂ ಹಗೇವಿನಲ್ಲೇ ಇತ್ತು. ನೆಲದಾಳಕ್ಕೆ ತೋಡಿ ಮಣ್ಣು ಮುಚ್ಚಿದ ಆ ಗುಂಡಿಯಲ್ಲಿ ಅವಳ ಗಂಡ ಪಾಪಯ್ಯನ ವರ್ಷದ ದುಡಿಮೆ ಇತ್ತು, ಹೊಲದೊಡೆಯ ಪಟೇಲನ ಪಾಲೂ ಇತ್ತು. ಬಾಯಿ ತೆಗೆದದ್ದು ಬೆಳಿಗ್ಗೆಯಷ್ಟೇ. ಮುಚ್ಚಿಟ್ಟ ಹಗೇವಿನಲ್ಲಿ ವಿಷಗಾಳಿ ಕಟ್ಟಿರುತ್ತದೆ. ಒಂದು ದಿನವಾದರೂ ತೆರೆದಿಟ್ಟು, ದೀಪ ಇಳಿಬಿಟ್ಟು, ಅದು ಉರಿದರೆ ಮಾತ್ರ ಮನುಷ್ಯ ಇಳಿಯುವುದು. ಪಾಪಯ್ಯ ಬುಡ್ಡಿದೀಪ ಇಳಿಬಿಟ್ಟ. ಪಕ್ಕನೆ ಆರಿತು.

“ಗಾಳಿಗಾರೈತೆ ಕಣ್ಲಾ, ಇಳಿ. ಲಾರಿ ಬಂದ್ರೆ ನನ್ ಪಾಲು ಮಣ್ಣಾಯ್ತದೆ,” ಅಂದ ಗುಂಡಿಯ ಪಕ್ಕ ನಿಂತಿದ್ದ ಪಟೇಲ.

“ನಾಳೆಗಂಟ ತಡೀರಿ ಬುದ್ಧಿ,” ಪಾಪಯ್ಯ ಕೈಮುಗಿದ.

“ಮಿಲಿಟ್ರಿಯೇನು ನಿನ್ ಮಾವನ ಮನೇದಾ ತಡೆಯಾಕೆ? ಇಳೀದಿದ್ರೆ ತೋಪಲ್ಲಿ ನಿಂಗೆ ಜಾಗ ಇಲ್ಲ. ಎಲ್ಲಾದ್ರೂ ಬಿದ್ದು ಸಾಯಿ.”

ದೂರದಲ್ಲಿ ಲಾರಿಗಳ ಸದ್ದು ಕೇಳಿಸಿತು. ಪಾಪಯ್ಯ ಸೊಂಟಕ್ಕೆ ಹಗ್ಗ ಬಿಗಿದುಕೊಂಡ. ಹುಟ್ಟಿದಾಗಿನಿಂದ ತಲೆ ತಗ್ಗಿಸಿದವನು, ಹಗೇವಿಗಿಂತ ಪಟೇಲನ ಭಯವೇ ಅವನಿಗೆ ಹೆಚ್ಚು. ಕದಿರಮ್ಮನಿಗೂ ಭಯವೇ. ಪಟೇಲನ ಭಯ, ಲಾರಿಯ ಭಯ, ರಾಗಿಯಿಲ್ಲದ ನಾಳೆಯ ಭಯ. ಆದರೆ ಗಂಡ ಅಂಚಿನಲ್ಲಿ ಕೂತು ಕಾಲು ಇಳಿಬಿಟ್ಟಾಗ ಉಳಿದ ಭಯವೆಲ್ಲ ಅವಳಿಗೆ ಮರೆತೇ ಹೋಯಿತು. ಓಡಿ ಬಂದು ರಟ್ಟೆ ಹಿಡಿದು ಎಳೆದಳು. ಹಗ್ಗ ಬಿಚ್ಚಿ ಪಟೇಲನ ಮುಂದೆ ಹಿಡಿದಳು.

“ಗಾಳಿಗೇ ಆರೈತೆ ಅಂದ್ರಲ್ಲ ಗೌಡ್ರೇ? ನೀವೇ ಇಳೀರಿ. ಹಗ್ಗ ನಾನ್ ಹಿಡ್ಕತೀನಿ.”

ಪಟೇಲ ಹಗ್ಗ ಮುಟ್ಟಲಿಲ್ಲ. ಗಾಡಿಗಳ ಬಳಿ ಊರವರ ಜೊತೆ ನಿಂತಿದ್ದ ಪಕ್ಕದ ಹೊಲದ ಗೇಣಿದಾರ ಗಂಗಣ್ಣನ ಕಡೆ ತಿರುಗಿ, “ನೀನಿಳಿಯೋ” ಅಂದ.

“ಇಲ್ಲ ಗೌಡ್ರೇ. ನಾನೂ ಇಳಿಯಾಕಿಲ್ಲ.”

ಅವನ ಹಿಂದೆ ನಿಂತವರೂ ಒಬ್ಬೊಬ್ಬರಾಗಿ ಅದನ್ನೇ ಅಂದರು.

ಅಷ್ಟರಲ್ಲಿ ಲಾರಿಗಳು ಬಂದೇಬಿಟ್ಟವು. ಸಿಪಾಯಿಗಳು ಗಾಡಿಗಳನ್ನು ಅಟ್ಟಿದರು, ಹಗೇವಿಗೆ ಮಣ್ಣು ನೂಕಿದರು. ವರ್ಷದ ಊಟ ಕಣ್ಣೆದುರೇ ಮುಚ್ಚಿಹೋಯಿತು. ಕದಿರಮ್ಮ ಬಿಕ್ಕಿ ಬಿಕ್ಕಿ ಅತ್ತಳು. ಅಳುತ್ತಲೇ ಗಂಡನ ಕೈ ಹಿಡಿದು ಗಾಡಿಯ ಹಿಂದೆ ನಡೆದಳು.

“ಗೌಡ ಜಾಗ ಕೊಡಾಕಿಲ್ಲ ಅಂದವ್ನೆ. ಎಲ್ಲಿಗೆ ಹೋಗಾನ ಕದಿರೀ?”

“ನಲ್ಲೂರಿಗೇ,” ಅಂದಳು ಅವಳು. “ಎಲ್ರೂ ಅಲ್ಲಿಗೇ ಹೋಗ್ತಾವ್ರೆ. ಇಷ್ಟು ಜನರ ಮಧ್ಯದಿಂದ ನಮ್ಮನ್ನ ಹೆಂಗೆ ಎಬ್ಬುಸ್ತಾನೋ ನೋಡಾನ.”